ಕೇಸ್ ವಿವರಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ಅಂತಾರೆ. ಯಾರಿಗೆ, ಎಷ್ಟು ಹೇಳಬೇಕು?

ಚಿಂತಾಮಣಿ ಫೀಲ್ಡ್

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಫೀಲ್ಡ್ ಕೆಲಸ ಮಾಡುತ್ತೇನೆ. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳ್ಳಿಗಳು. ಗಂಡನ ಹೊಡೆತ, ಶಾಲೆ ಬಿಟ್ಟ ಮಕ್ಕಳು, ಸಣ್ಣ ವಯಸ್ಸಿಗೇ ಮದುವೆ, ಇಂಥ ಕೇಸ್‌ಗಳೇ ಜಾಸ್ತಿ.

ಈಚೆಗೆ ಆಫೀಸಿನಿಂದ ಹೊಸ ಸೂಚನೆ ಬಂದಿದೆ. ಸಂಜೆ ಆದ ಮೇಲೆ ಆ ದಿನ ನೋಡಿದ ಕೇಸ್‌ಗಳನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಬೇಕಂತೆ. ಹೆಸರು, ಊರು, ಫೋನ್ ನಂಬರ್, ಸಮಸ್ಯೆ ಏನು, ಜೊತೆಗೆ ಮನೆ ಭೇಟಿಯ ಒಂದು ಫೋಟೊ. ಆ ಗ್ರೂಪಿನಲ್ಲಿ ನಮ್ಮ ಕೋ-ಆರ್ಡಿನೇಟರ್ ಇದ್ದಾರೆ, ಅದು ಸರಿ. ಲೆಕ್ಕ ಬರೆಯುವವರು, ಜೀಪ್ ಓಡಿಸುವವರು, ರಜೆಯಲ್ಲಿ ಬಂದು ಹೋದ ಕಾಲೇಜು ಹುಡುಗರು, ಕೆಲಸ ಬಿಟ್ಟು ಬೇರೆ ಕಡೆ ಸೇರಿದವರು, ಇವರೂ ಎಲ್ಲ ಇದ್ದಾರೆ.

ಹೆಸರು ಹಾಕುವುದು ಬೇಡ ಅಂದೆ. 'ಸರಿ, ಹೆಸರು ಬಿಟ್ಟು ಮಿಕ್ಕಿದ್ದು ಹಾಕಿ' ಅಂದರು. ಹೆಸರು ಬಿಟ್ಟರೆ ಸಾಕಾ? ಒಂದು ಉದಾಹರಣೆ ಕೊಡುತ್ತೇನೆ. ಇದು ನಾನೇ ಕಟ್ಟಿದ್ದು, ಯಾರ ಕೇಸೂ ಅಲ್ಲ. 'ವಯಸ್ಸು 26. ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಗಂಡ ಟೆಂಪೊ ಓಡಿಸುತ್ತಾನೆ. ದೊಡ್ಡ ಮಗುವಿಗೆ ಕಿವಿ ಕೇಳಿಸುವುದಿಲ್ಲ. ಇಂಥ ಪಂಚಾಯಿತಿ.' ನೂರೈವತ್ತು ಮನೆಯ ಊರಿನಲ್ಲಿ ಇದು ಯಾರು ಅಂತ ತಿಳಿಯಲು ಹೆಸರು ಬೇಕಾ? ಗ್ರೂಪಿನಲ್ಲಿರುವ ಯಾರದೋ ಅತ್ತೆ ಮನೆ ಅದೇ ಪಂಚಾಯಿತಿಯಲ್ಲಿ ಇದ್ದರೆ ಮುಗಿಯಿತು.

ಅನುಭವ ಇರುವವರು ಹೇಳಿ. ಕೇಸ್ ವಿವರ ಯಾರ ಜೊತೆ, ಎಷ್ಟು ಹಂಚಿಕೊಳ್ಳಬಹುದು? ಇನ್ನೊಂದು, ಹೆಣ್ಣುಮಗಳು ಮಾತು ಶುರು ಮಾಡುವ ಮೊದಲೇ 'ಅಕ್ಕಾ, ಯಾರಿಗೂ ಹೇಳಬೇಡಿ' ಅಂತಾಳೆ. ಅದಕ್ಕೆ 'ಇಲ್ಲ, ಯಾರಿಗೂ ಹೇಳಲ್ಲ' ಅನ್ನಬಹುದಾ?

ಕೋಲಾರದ ಕೌನ್ಸೆಲರ್

ಎರಡನೇ ಪ್ರಶ್ನೆಯೇ ದೊಡ್ಡದು. ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ.

ನಾನು ಬಹಳ ವರ್ಷಗಳಿಂದ ಎಚ್‌ಐವಿ ಕೌನ್ಸೆಲಿಂಗ್‌ನಲ್ಲಿದ್ದೇನೆ. ನಮ್ಮ ಕೆಲಸಕ್ಕೆ ಪ್ರತ್ಯೇಕ ಕಾನೂನೇ ಇದೆ. 2017ರಲ್ಲಿ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 8ನೇ ಸೆಕ್ಷನ್ ಪ್ರಕಾರ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ. ಚಿಕಿತ್ಸೆ ಕೊಡುವ ಇನ್ನೊಬ್ಬ ವೈದ್ಯರಿಗೆ ತಿಳಿಸುವುದು, ಕೋರ್ಟ್ ಆದೇಶ, ಇಂಥ ಕೆಲವೇ ವಿನಾಯಿತಿ ಇವೆ.

ಗಂಡ ಅಥವಾ ಹೆಂಡತಿಗೆ ಹೇಳುವ ವಿಚಾರ 9ನೇ ಸೆಕ್ಷನ್‌ನಲ್ಲಿ ಬರುತ್ತದೆ. ಎಲ್ಲ ಫೀಲ್ಡ್ ವರ್ಕರ್‌ಗಳೂ ಇದನ್ನು ಒಂದು ಸಲ ಓದಬೇಕು. ಹೇಳುವ ಅಧಿಕಾರ ವೈದ್ಯರಿಗೆ ಮತ್ತು ಕೌನ್ಸೆಲರ್‌ಗೆ ಮಾತ್ರ. ಅದೂ ಸುಮ್ನೆ ಹೇಳುವ ಹಾಗಿಲ್ಲ. ಸಂಗಾತಿಗೆ ನಿಜವಾಗಿ ಅಪಾಯ ಇದೆ ಅನ್ನಿಸಬೇಕು. ನೀವೇ ಹೇಳಿ ಅಂತ ಆ ವ್ಯಕ್ತಿಗೆ ಮೊದಲು ತಿಳಿ ಹೇಳಿರಬೇಕು. ಅವರು ಹೇಳುವುದಿಲ್ಲ ಅನ್ನುವುದು ಖಾತ್ರಿಯಾಗಬೇಕು. ಆಮೇಲೆ 'ಹಾಗಾದರೆ ನಾನು ಹೇಳಬೇಕಾಗುತ್ತದೆ' ಅಂತ ಅವರಿಗೇ ಮುಂಚೆ ತಿಳಿಸಿರಬೇಕು. ಇಷ್ಟಾದ ಮೇಲೂ ಸಂಗಾತಿಯನ್ನು ಕೂರಿಸಿ, ಕೌನ್ಸೆಲಿಂಗ್ ಮಾಡಿ, ಎದುರಿಗೇ ಹೇಳಬೇಕು. ಫೋನಿನಲ್ಲಿ ಹೇಳುವಂತಿಲ್ಲ. ಹೆಂಡತಿಗೆ ಸೋಂಕು ಇದೆ ಅಂತ ಗೊತ್ತಾದರೆ ಹೊಡೆಯುತ್ತಾನೆ, ಮನೆಯಿಂದ ಆಚೆ ಹಾಕುತ್ತಾನೆ ಅನ್ನುವ ಭಯಕ್ಕೆ ಕಾರಣ ಇದ್ದರೆ ಗಂಡನಿಗೆ ಹೇಳುವಂತಿಲ್ಲ. ಕಾನೂನು ಬರೆದವರು ನಮ್ಮ ಮನೆಗಳನ್ನು ನೋಡಿ ಬರೆದಿದ್ದಾರೆ ಅಂತ ಇದನ್ನು ಓದಿದಾಗ ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಗುಟ್ಟು ಹಂಚಿಕೊಳ್ಳಲು ಒಂದು ಅಳತೆ ಇದೆ. ಈ ಮಾಹಿತಿ ಸಿಕ್ಕಿದರೆ ಆ ಮನುಷ್ಯ ಈ ಹೆಣ್ಣುಮಗಳಿಗಾಗಿ ಏನಾದರೂ ಮಾಡಬೇಕಿದೆಯಾ? ಹೌದಾದರೆ ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಹೇಳಿ. ಮಾಡುವ ಕೆಲಸ ಏನೂ ಇಲ್ಲ ಅಂದರೆ ಅವರು ಸಂಸ್ಥೆಯ ಅಧ್ಯಕ್ಷರೇ ಆಗಿದ್ದರೂ ಹೇಳುವುದು ಬೇಡ. ಜೀಪ್ ಓಡಿಸುವವರಿಗೆ ಎಷ್ಟು ಗಂಟೆಗೆ, ಎಲ್ಲಿಗೆ ಅನ್ನುವುದು ಸಾಕು. ಲೆಕ್ಕದವರಿಗೆ ಬಸ್ ಚಾರ್ಜ್ ರಸೀದಿ ಸಾಕು.

ಇನ್ನೊಂದು ಮಾತು. ನಾನು ನೋಡಿದ ಹಾಗೆ ಗುಟ್ಟು ಹೊರಗೆ ಹೋಗುವುದು ಯಾರೋ ಬೇಕೆಂದು ಹೇಳಿದ್ದರಿಂದ ಅಲ್ಲ. ಫಾಲೋಅಪ್ ಮಾಡುವಾಗ ಹೋಗುತ್ತದೆ. ಮಾತ್ರೆಗೆ ಬಂದಿಲ್ಲ ಅಂತ ಫೋನ್ ಮಾಡುತ್ತೇವೆ, ಫೋನ್ ಮೈದುನ ಎತ್ತುತ್ತಾನೆ. 'ಎಲ್ಲಿಂದ ಮೇಡಂ?' ಅಂತಾನೆ. ಆಸ್ಪತ್ರೆಯಿಂದ ಅಂದರೆ ಯಾವ ಆಸ್ಪತ್ರೆ, ಏತಕ್ಕೆ ಅಂತ ಮುಂದಿನ ಪ್ರಶ್ನೆ. ಇಲ್ಲವೇ ಮನೆ ಹುಡುಕಿಕೊಂಡು ಹೋಗಿ ಊರ ಬಾಗಿಲಿನ ಅಂಗಡಿಯಲ್ಲಿ ವಿಳಾಸ ಕೇಳುತ್ತೇವೆ. ಅದಕ್ಕೇ ನಾನು ಮೊದಲ ದಿನವೇ ಕೇಳಿ ಫೈಲಿನ ರಟ್ಟಿನ ಒಳಬದಿಯಲ್ಲಿ ಬರೆದುಕೊಳ್ಳುತ್ತೇನೆ: ಈ ಫೋನ್ ಯಾರ ಕೈಯಲ್ಲಿ ಇರುತ್ತದೆ? ಯಾವ ಹೊತ್ತಿಗೆ ಮಾಡಬಹುದು? ಬೇರೆಯವರು ಎತ್ತಿದರೆ ನಾನು ಯಾರು ಅಂತ ಹೇಳಬೇಕು? ಮನೆಗೆ ಬರಬಹುದಾ, ಬೇಡವಾ? ಒಬ್ಬೊಬ್ಬರದು ಒಂದೊಂದು ಉತ್ತರ. 'ಸಂಘದ ಲೋನ್ ಮೇಡಂ ಅನ್ನಿ' ಅಂತ ಹೇಳಿಕೊಟ್ಟವರೂ ಇದ್ದಾರೆ.

ಎಂಎಸ್‌ಡಬ್ಲ್ಯೂ ಎರಡನೇ ವರ್ಷ, ತುಮಕೂರು

ಸಮಾಜ ಕಾರ್ಯ ಓದುವ ನಮಗೆ ಫೀಲ್ಡ್‌ವರ್ಕ್ ರಿಪೋರ್ಟ್‌ನಲ್ಲಿ ಹೆಸರು ಬದಲಿಸಿ ಬರೆಯಿರಿ ಅಂತ ಮಾತ್ರ ಹೇಳಿಕೊಟ್ಟಿದ್ದಾರೆ. ಮೇಲಿನ ಉದಾಹರಣೆ ಓದಿದ ಮೇಲೆ ನನ್ನ ರೆಕಾರ್ಡ್ ಪುಸ್ತಕ ತೆಗೆದು ನೋಡಿದೆ. ಕ್ಲಾಸಿನಲ್ಲಿ ಅದೇ ತಾಲ್ಲೂಕಿನಿಂದ ಬರುವವರು ಇದ್ದಾರೆ, ಕೇಸ್ ಪ್ರೆಸೆಂಟೇಶನ್ ಅವರ ಮುಂದೆಯೇ ಮಾಡುತ್ತೇವೆ. ಹಾಗಾದರೆ ಏನು ಬದಲಿಸಬೇಕು? ಕೆಲಸ, ವಯಸ್ಸು ಎಲ್ಲ ಬದಲಿಸಿದರೆ ಕೇಸೇ ಬೇರೆ ಆಗಿಬಿಡುತ್ತದಲ್ವಾ?

ಕೋಲಾರದ ಕೌನ್ಸೆಲರ್

ಕಲಿಯಲು ಬೇಕಾದ್ದು ಇಟ್ಟುಕೊಳ್ಳಮ್ಮ, ಗುರುತು ಹಿಡಿಸುವುದು ತೆಗೆ. ಕುಡಿತದಿಂದ ಮನೆ ಹೇಗೆ ಕುಸಿಯಿತು ಅನ್ನುವುದು ನಿನ್ನ ಪಾಠ. ಅವನು ಟೆಂಪೊ ಓಡಿಸುತ್ತಾನೋ, ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಾನೋ ಅದು ಪಾಠಕ್ಕೆ ಬೇಡ, 'ದಿನಗೂಲಿ' ಅಂದರೆ ಸಾಕು. ವಯಸ್ಸಿಗೆ 'ಮೂವತ್ತರ ಒಳಗೆ'. ಊರಿನ ಹೆಸರು ಬೇಡವೇ ಬೇಡ. ನಿಮ್ಮ ಗೈಡ್‌ಗೆ ಬೇಕಾದರೆ ಬೇರೆ ಕೂತು ಹೇಳು.

ತುಮಕೂರು ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಬಹಳ ಜನ ಸಮಾಜ ಕಾರ್ಯಕರ್ತರು ಒಂದು ತಪ್ಪು ನಂಬಿಕೆ ಇಟ್ಟುಕೊಂಡಿದ್ದಾರೆ. ವಕೀಲರಿಗೆ ಕಕ್ಷಿದಾರ ಹೇಳಿದ್ದನ್ನು ಕೋರ್ಟ್ ಕೂಡ ಬಾಯಿ ಬಿಡಿಸುವಂತಿಲ್ಲ, ಹಾಗೇ ನಮಗೂ ರಕ್ಷಣೆ ಇದೆ ಅಂದುಕೊಂಡಿದ್ದಾರೆ. ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ. ಆ ರಕ್ಷಣೆ ವಕೀಲರಿಗಿದೆ, ಗಂಡ ಹೆಂಡತಿಯ ನಡುವಿನ ಮಾತಿಗಿದೆ. ನಿಮಗಿಲ್ಲ. ಕೋರ್ಟ್ ಕರೆದರೆ ಹೋಗಬೇಕು, ಫೈಲ್ ಕೇಳಿದರೆ ಕೊಡಬೇಕು.

ಹಾಗಾಗಿ ಫೈಲಿನಲ್ಲಿ ಬರೆಯುವುದನ್ನು ಹಿಡಿತದಲ್ಲಿಡಿ. ಕಂಡಿದ್ದು, ಅವರು ಹೇಳಿದ್ದು ಬರೆಯಿರಿ. 'ಇವಳಿಗೆ ಬೇರೆ ಸಂಬಂಧ ಇರಬಹುದು' ಅಂತ ನಿಮ್ಮ ಊಹೆ ಬರೆದಿಟ್ಟರೆ ನಾಳೆ ಜೀವನಾಂಶದ ಕೇಸಿನಲ್ಲಿ ಎದುರು ವಕೀಲರು ಅದನ್ನೇ ಓದುತ್ತಾರೆ.

ಪೊಲೀಸ್ ಠಾಣೆಯಿಂದ ಫೋನ್ ಮಾಡಿ 'ಆ ಹುಡುಗಿ ಏನು ಹೇಳಿದಳು' ಅಂತ ಕೇಳಿದರೆ ಫೋನಿನಲ್ಲೇ ಎಲ್ಲ ಒಪ್ಪಿಸಬೇಡಿ. ದಾಖಲೆ ಬೇಕಾದರೆ ಲಿಖಿತವಾಗಿ ಕೇಳಲು ಅವರಿಗೆ ದಾರಿ ಇದೆ. ಹಿಂದೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 91, ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 94. ವಿನಯದಿಂದಲೇ ಹೇಳಿ: 'ಸರ್, ಒಂದು ನೋಟಿಸ್ ಕಳಿಸಿ, ನಮ್ಮ ಮುಖ್ಯಸ್ಥರ ಮೂಲಕ ಉತ್ತರ ಕೊಡುತ್ತೇವೆ.' ಅದು ಅಸಹಕಾರ ಅಲ್ಲ. ಯಾರಿಗೆ ಕೊಟ್ಟಿರಿ, ಏನು ಕೊಟ್ಟಿರಿ ಅನ್ನುವುದಕ್ಕೆ ಒಂದು ಕಾಗದ ಉಳಿಯುತ್ತದೆ, ಅಷ್ಟೆ.

ಮಕ್ಕಳ ಕೇಸ್‌ಗಳನ್ನು ಗ್ರೂಪಿಗೆ ಹಾಕುವವರಿಗೆ: 2015ರ ಬಾಲನ್ಯಾಯ ಕಾಯ್ದೆ, ಸೆಕ್ಷನ್ 74 ಓದಿ. ಮಗುವಿನ ಹೆಸರು, ವಿಳಾಸ, ಶಾಲೆ ಮಾತ್ರ ಅಲ್ಲ, ಗುರುತು ಸಿಗುವಂಥ ಬೇರೆ ಯಾವ ವಿವರವನ್ನೂ ಬಯಲು ಮಾಡುವಂತಿಲ್ಲ. ಪತ್ರಿಕೆ, ಟೀವಿ ಅಷ್ಟೇ ಅಲ್ಲ, 'ಸಂವಹನದ ಇತರ ರೂಪಗಳು' ಅಂತಲೂ ಅದರಲ್ಲಿದೆ. ಆರು ತಿಂಗಳವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 72ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ.

ಶಿರಾ ಕೋ-ಆರ್ಡಿನೇಟರ್

ಎಲ್ಲರೂ ಆಫೀಸಿನವರನ್ನು ಕಳ್ಳರ ಹಾಗೆ ನೋಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನೂ ಇಂಥದ್ದೇ ಒಂದು ಕಾರ್ಯಕ್ರಮ ನಡೆಸುತ್ತೇನೆ. ಕೇಸ್ ವಿವರ ನನಗೆ ಬೇಕು. ಯಾಕೆ ಅಂತ ಹೇಳುತ್ತೇನೆ.

ಫೀಲ್ಡ್‌ನಲ್ಲಿ ಹುಡುಗಿಯರು ಒಬ್ಬೊಬ್ಬರೇ ಓಡಾಡುತ್ತಾರೆ. ಕುಡಿದು ಮಚ್ಚು ಹಿಡಿಯುವವನ ಮನೆಗೆ ಹೋಗುತ್ತಿದ್ದಾರೆ ಅನ್ನುವುದು ನನಗೆ ಗೊತ್ತಿರಬೇಡವಾ? ಸಂಜೆ ವಾಪಸ್ ಬರದಿದ್ದರೆ ನಾನು ಎಲ್ಲಿ ಹುಡುಕಲಿ? ಇನ್ನೊಂದು, ಸಂಬಳ ಸಾಲದು ಅಂತ ಜನ ಕೆಲಸ ಬಿಡುತ್ತಲೇ ಇರುತ್ತಾರೆ. ಕೇಸ್ ಅವರ ತಲೆಯಲ್ಲಿ ಮಾತ್ರ ಇದ್ದರೆ ಅವರ ಜೊತೆಗೇ ಹೋಗುತ್ತದೆ. ಆ ಹೆಂಗಸು ಮತ್ತೆ ಹೊಸಬರ ಮುಂದೆ ಕೂತು ಮೊದಲಿನಿಂದ ಅಳಬೇಕು. ಅದು ಯಾವ ನ್ಯಾಯ? ಗುಟ್ಟು ಗುಟ್ಟು ಅಂತ ಯಾರಿಗೂ ಹೇಳದೆ ಇಟ್ಟುಕೊಂಡು, ಕೊನೆಗೆ ಆಕೆಗೆ ಏನಾದರೂ ಆದರೆ ಉತ್ತರ ಯಾರು ಕೊಡುತ್ತಾರೆ?

ದುಡ್ಡು ಕೊಡುವವರೂ ಕೇಳುತ್ತಾರೆ. ಕೆಲಸ ನಡೆದಿದೆ ಅನ್ನುವುದಕ್ಕೆ ಫೋಟೊ ಬೇಕು ಅಂತಾರೆ. ಅವರಿಗೆ ಇಲ್ಲ ಅಂದರೆ ಮುಂದಿನ ವರ್ಷ ಈ ಹುಡುಗಿಯರ ಸಂಬಳಕ್ಕೆ ನಾನು ಎಲ್ಲಿಗೆ ಹೋಗಲಿ?

ಚಿಂತಾಮಣಿ ಫೀಲ್ಡ್

ಸರ್, ನೀವು ಹೇಳಿದ ಮೊದಲ ಎರಡು ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನನ್ನ ಮೇಲಿನವರಿಗೆ ಗೊತ್ತಿರಲೇಬೇಕು. ನಾನು ಕೇಳುತ್ತಿರುವುದು ನಿಮಗೆ ಹೇಳಬಾರದಾ ಅಂತ ಅಲ್ಲ. ನಿಮಗೆ ಹೇಳುವುದನ್ನು ಇಡೀ ಗ್ರೂಪಿಗೆ ಯಾಕೆ ಹೇಳಬೇಕು ಅಂತ.

ಫೋಟೊ ವಿಚಾರ ಒಪ್ಪಲು ಆಗುವುದಿಲ್ಲ ಸರ್. ಹೊಡೆಸಿಕೊಂಡು ಮುಖ ಊದಿಸಿಕೊಂಡು ಕೂತವಳ ಮುಂದೆ ಫೋನ್ ಹಿಡಿಯಲು ಕೈ ಬರುವುದಿಲ್ಲ.

ಮಾಲೂರು ಕಡೆಯವಳು

ನಾನು ಸಮಾಜ ಕಾರ್ಯಕರ್ತೆ ಅಲ್ಲ. ನಿಮ್ಮಂಥವರ ಫೈಲಿನ ಒಳಗೆ ಇದ್ದವಳು. ಫೋಟೊ ಮಾತು ಬಂತು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯವರಿಗೆ ಟಿಬಿ ಬಂದಿತ್ತು. ಒಂದು ಕಡೆಯಿಂದ ಪೌಷ್ಟಿಕ ಆಹಾರದ ಕಿಟ್ ಕೊಟ್ಟರು. ಬೇಳೆ, ಎಣ್ಣೆ, ಕಡಲೆಕಾಯಿ, ರಾಗಿ ಹಿಟ್ಟು ಎಲ್ಲ ಇತ್ತು. ಕೊಟ್ಟಿದ್ದನ್ನು ಬೇಡ ಅನ್ನುವುದಿಲ್ಲ, ಆ ಹೊತ್ತಿಗೆ ಕೆಲಸ ಇಲ್ಲದೆ ಕೂತಿದ್ದೆವು, ಬಹಳ ಆಸರೆ ಆಯಿತು. ಆದರೆ ಸಾಲಾಗಿ ನಿಲ್ಲಿಸಿದರು. ಹಿಂದೆ ಬ್ಯಾನರ್, ಅದರಲ್ಲಿ ಕ್ಷಯ ರೋಗಿಗಳಿಗೆ ಕಿಟ್ ವಿತರಣೆ ಅಂತ ದಪ್ಪ ಅಕ್ಷರ. ಫೋಟೊಗೆ ಮೊದಲು ಒಂದು ಹಾಳೆಗೆ ಸೈನ್ ಹಾಕಿಸಿಕೊಂಡರು. ಏನು ಬರೆದಿದೆ ಅಂತ ಓದಲಿಲ್ಲ. ಕಿಟ್ ತೆಗೆದುಕೊಂಡಿದ್ದಕ್ಕೆ ಸೈನ್ ಅಂದುಕೊಂಡೆವು.

ಆ ಫೋಟೊ ಫೇಸ್‌ಬುಕ್‌ಗೆ ಬಂತು. ನಾನು ನರಸಾಪುರದ ಕಡೆ ಕಂಪನಿ ಬಸ್ಸಿನಲ್ಲಿ ಹೋಗುತ್ತೇನೆ. ಬಸ್ಸಿನಲ್ಲಿ ಒಬ್ಬಳು ಫೋನ್ ತೋರಿಸಿ 'ಇದು ನಿಮ್ಮನೆಯವರಲ್ವಾ' ಅಂದಳು. ಅವತ್ತಿನಿಂದ ನನ್ನ ಪಕ್ಕದ ಸೀಟು ಖಾಲಿ. ಅವರಿಗೆ ಮಾತ್ರೆ ಶುರುವಾಗಿ ಎಷ್ಟೋ ದಿನ ಆಗಿತ್ತು, ಹರಡುವ ಭಯ ಇಲ್ಲ ಅಂತ ಡಾಕ್ಟರೇ ಹೇಳಿದ್ದರು. ಅದನ್ನು ಬಸ್ಸಿನಲ್ಲಿ ನಿಂತು ಎಷ್ಟು ಜನಕ್ಕೆ ಹೇಳಲಿ? ನಾದಿನಿಗೆ ಗಂಡು ನೋಡುತ್ತಿದ್ದರು, ಆ ಮಾತೂ ಅಲ್ಲಿಗೇ ನಿಂತಿತು.

ಯಾರ ಮೇಲೂ ದೂರು ಕೊಡಲಿಲ್ಲ. ಕಿಟ್ ಕೊಟ್ಟವರು ಒಳ್ಳೆಯವರೇ. ಮುಂದಿನ ತಿಂಗಳು ಕಿಟ್ ತರಲು ಇವರು ಹೋಗಲಿಲ್ಲ, ನಾನೂ ಹೋಗು ಅನ್ನಲಿಲ್ಲ.

ಶಿರಾ ಕೋ-ಆರ್ಡಿನೇಟರ್

ಅಮ್ಮಾ, ನಿಮ್ಮ ಮಾತು ಓದಿದ ಮೇಲೆ ಫೋಟೊ ಬಗ್ಗೆ ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಾವು ಫೋಟೊಗೆ ಒಪ್ಪಿಗೆ ಪತ್ರ ತೆಗೆದುಕೊಳ್ಳುತ್ತೇವೆ, ಅಷ್ಟು ಸಾಕು ಅಂದುಕೊಂಡಿದ್ದೆ.

ಕೋಲಾರದ ಕೌನ್ಸೆಲರ್

ಕಿಟ್ ಎದುರಿಗಿಟ್ಟು ಹಾಕಿಸಿಕೊಂಡ ಸೈನ್ ಒಪ್ಪಿಗೆ ಅಲ್ಲ ಸರ್. ಬೇಡ ಅಂದರೂ ಕಿಟ್ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದರೆ ಮಾತ್ರ ಅದು ಒಪ್ಪಿಗೆ. 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ದಾನಿಗಳ ನೆರವು ಪಡೆಯಲು ರೋಗಿಯ ಒಪ್ಪಿಗೆ ಕೇಳಲೇಬೇಕು. ಆದರೆ ಅದು ನೆರವಿಗೆ ಕೊಟ್ಟ ಒಪ್ಪಿಗೆ. ಬ್ಯಾನರ್ ಮುಂದೆ ನಿಲ್ಲಲು ಅಲ್ಲ. ದುಡ್ಡು ಕೊಡುವವರಿಗೆ ಕಿಟ್‌ಗಳ ರಾಶಿಯ ಫೋಟೊ ಕೊಡಿ, ಸಹಿ ಮಾಡಿದ ಪಟ್ಟಿಯನ್ನು ಆಡಿಟ್‌ಗೆ ಬಂದವರಿಗೆ ಆಫೀಸಿನಲ್ಲಿ ಕೂರಿಸಿ ತೋರಿಸಿ. ಮುಖ ಯಾಕೆ ಬೇಕು?

ಮಾಲೂರಿನ ತಂಗಿ, ಆ ಪೋಸ್ಟ್ ಇನ್ನೂ ಇದ್ದರೆ ತೆಗೆಸಲು ಅವರಿಗೆ ಒಂದು ಪತ್ರ ಬರೆಯೋಣ. ನನಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿ. ಇಲ್ಲಿ ಇನ್ನೇನೂ ವಿವರ ಹಾಕಬೇಡಿ.

ನಿರ್ವಾಹಕರು

ಈ ನಡುವೆ ಬಂದ ಒಂದು ಉತ್ತರದಲ್ಲಿ ಹಳ್ಳಿಯ ಹೆಸರು ಮತ್ತು ಶಾಲೆಯ ಹೆಸರು ಇತ್ತು. ತೆಗೆದಿದ್ದೇವೆ. ದಯವಿಟ್ಟು ನಿಜವಾದ ಕೇಸ್‌ಗಳನ್ನು ಇಲ್ಲಿ ಬರೆಯಬೇಡಿ.

ಪಾವಗಡ ಅಂಗನವಾಡಿ

ನಾನು ಬೇರೆ ಒಂದು ಗುಟ್ಟಿನ ಬಗ್ಗೆ ಕೇಳಬೇಕು. ಸುದ್ದಿ ಕೊಟ್ಟವರ ಗುಟ್ಟು.

ನಮ್ಮ ಕಡೆ ಹದಿನಾರು, ಹದಿನೇಳಕ್ಕೆ ಮದುವೆ ಇನ್ನೂ ನಡೆಯುತ್ತವೆ. ಎಲ್ಲಿ ಚಪ್ಪರ ಬೀಳುತ್ತದೆ ಅನ್ನುವುದು ನಮಗೆ ಮೊದಲು ಗೊತ್ತಾಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದವರ ಹೆಸರು ಹೇಳುವುದಿಲ್ಲ ಅಂತಾರೆ, ಆ ಕಡೆಯಿಂದ ಹೇಳುವುದೂ ಇಲ್ಲ. ಆದರೆ ಮರುದಿನ ಜೀಪ್ ಬರುತ್ತದೆ. ಬಂದವರು ಮೊದಲು ಅಂಗನವಾಡಿಗೆ ಬಂದು 'ಮೇಡಂ, ಆ ಮನೆ ಎಲ್ಲಿ, ತೋರಿಸಿ ಬನ್ನಿ' ಅಂತಾರೆ. ಇಡೀ ಊರು ನೋಡುತ್ತದೆ. ಮದುವೆ ನಿಲ್ಲುತ್ತದೆ, ಅಧಿಕಾರಿಗಳು ಹೊರಟು ಹೋಗುತ್ತಾರೆ. ಇರುವವಳು ನಾನು. ನಮ್ಮ ಹತ್ತಿರದ ಒಬ್ಬ ಕಾರ್ಯಕರ್ತೆಗೆ ನೀರು ಹಿಡಿಯಲು ಬಿಡಲಿಲ್ಲ, ಮಕ್ಕಳನ್ನು ಕೇಂದ್ರಕ್ಕೆ ಕಳಿಸುವುದು ನಿಲ್ಲಿಸಿದರು. ಆಕೆ ಹೇಳಿರಲೇ ಇಲ್ಲ, ಹೇಳಿದ್ದು ಬೇರೆ ಯಾರೋ.

ಇದನ್ನು ಯಾರೂ ಗೋಪ್ಯತೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಇದ್ದವಳು, ಚಿಕ್ಕಬಳ್ಳಾಪುರ

ಪಾವಗಡದ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಸಮಿತಿಯಲ್ಲಿ ಇದ್ದಾಗ ಇದನ್ನು ಪದೇ ಪದೇ ನೋಡಿದ್ದೇನೆ. ಮನೆ ತೋರಿಸಲು ಅಂಗನವಾಡಿಯವರನ್ನಾಗಲಿ, ಶಾಲೆ ಮೇಷ್ಟ್ರನ್ನಾಗಲಿ ಕರೆದುಕೊಂಡು ಹೋಗಬೇಡಿ ಅಂತ ನಾನು ಪ್ರತಿ ಮೀಟಿಂಗ್‌ನಲ್ಲೂ ಹೇಳುತ್ತಿದ್ದೆ. ವಿಳಾಸ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ವಿಚಾರಣೆ ಮಾಡುವಾಗ ಅದೇ ಬೀದಿಯ ಇನ್ನೂ ನಾಲ್ಕು ಮನೆಗೆ ಹೋಗಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಅಂತ ಎಲ್ಲ ಕಡೆ ಮಾತಾಡಿ. ಒಂದೇ ಮನೆ ಮುಂದೆ ಸೀದಾ ಹೋಗಿ ನಿಂತರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಈಗ ಚಿಂತಾಮಣಿಯವರ ಎರಡನೇ ಪ್ರಶ್ನೆ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬಾರದು. ಮಕ್ಕಳಿಗಂತೂ ಖಂಡಿತ ಕೊಡಬಾರದು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹದಿನೆಂಟರ ಒಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದರೆ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ನಮಗೇ ಶಿಕ್ಷೆ. ಮಾತು ಕೊಟ್ಟು ಆಮೇಲೆ ಠಾಣೆಗೆ ಹೋದರೆ ಆ ಮಗುವಿಗೆ ನೀವೂ ಮೋಸ ಮಾಡಿದವರ ಸಾಲಿಗೆ ಸೇರುತ್ತೀರಿ.

ನಾನು ಹೇಳುತ್ತಿದ್ದದ್ದು ಹೀಗೆ. 'ನೀನು ಹೇಳುವುದನ್ನು ನಾನು ನಿಮ್ಮ ಟೀಚರ್‌ಗಾಗಲಿ, ಫ್ರೆಂಡ್ಸ್‌ಗಾಗಲಿ, ನೆಂಟರಿಗಾಗಲಿ ಹೇಳಿಕೊಂಡು ತಿರುಗುವುದಿಲ್ಲ. ಆದರೆ ನಿನಗೆ ಯಾರಾದರೂ ಕೆಟ್ಟದ್ದು ಮಾಡಿದ್ದರೆ, ಅಥವಾ ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ಅದನ್ನು ನಾನೊಬ್ಬಳೇ ಇಟ್ಟುಕೊಳ್ಳಲು ಆಗುವುದಿಲ್ಲ. ಆಗ ಯಾರಿಗೆ ಹೇಳಬೇಕಾಗುತ್ತದೆ ಅಂತ ಮೊದಲು ನಿನಗೇ ಹೇಳುತ್ತೇನೆ. ನಿನಗೆ ತಿಳಿಯದ ಹಾಗೆ ಏನೂ ಮಾಡುವುದಿಲ್ಲ.' ಇದನ್ನು ಮಾತು ಶುರುವಾಗುವ ಮೊದಲೇ ಹೇಳಬೇಕು. ಮಗು ಎಲ್ಲ ಹೇಳಿ ಮುಗಿಸಿದ ಮೇಲೆ ಹೇಳಿದರೆ ಅದು ಬೋನಿಗೆ ಬೀಳಿಸಿದ ಹಾಗೆ.

ಬಾಗೇಪಲ್ಲಿ, ಗುಡಿಬಂಡೆ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ನಮಗೆ ತೆಲುಗು ಬರದೆ ಪಕ್ಕದ ಮನೆಯವರನ್ನು ಕರೆದು 'ಸ್ವಲ್ಪ ಕೇಳಿ ಹೇಳಮ್ಮ' ಅಂದುಬಿಡುತ್ತೇವೆ. ಫೈಲಿಗೆ ಬೀಗ ಹಾಕಿ ಏನು ಪ್ರಯೋಜನ? ತೆಲುಗು ಬರುವ ಸಹೋದ್ಯೋಗಿಯನ್ನೇ ಕರೆದುಕೊಂಡು ಹೋಗಿ. ಒಂದು ದಿನ ತಡವಾದರೂ ಪರವಾಗಿಲ್ಲ, ಪ್ರಾಣಾಪಾಯ ಇಲ್ಲದಿದ್ದರೆ.

ಎಂಎಸ್‌ಡಬ್ಲ್ಯೂ ಎರಡನೇ ವರ್ಷ, ತುಮಕೂರು

ಮೇಡಂ, ಹಾಗೆ ಮೊದಲೇ ಹೇಳಿದರೆ ಮಗು ಬಾಯೇ ಬಿಡದಿದ್ದರೆ?

ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಇದ್ದವಳು, ಚಿಕ್ಕಬಳ್ಳಾಪುರ

ಕೆಲವರು ಬಿಡುವುದಿಲ್ಲ. ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಅವರಿಗೆ ನೀನು ಸಿಗುವ ಜಾಗ, ಹೊತ್ತು ಹೇಳಿ ಕಳಿಸು. 1098 ನಂಬರ್ ಕೊಡು. ಹೀಗೆ ಎದ್ದು ಹೋದ ಮಕ್ಕಳು ಎಷ್ಟೋ ಸಲ ಕೆಲವು ದಿನ ಬಿಟ್ಟು ತಾವಾಗಿಯೇ ಬಂದಿದ್ದಾರೆ. ಇವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ ಅನ್ನುವ ನಂಬಿಕೆಯಿಂದ ಬರುತ್ತಾರೆ.

ಚಿಂತಾಮಣಿ ಫೀಲ್ಡ್

ಪೋಕ್ಸೋ ಬಗ್ಗೆ ಒಂದು ಕಷ್ಟದ ಪ್ರಶ್ನೆ. ಹದಿನೇಳರ ಹುಡುಗಿ, ಪ್ರೀತಿಸಿದವನಿಂದಲೇ ಗರ್ಭಿಣಿ. ಅವಳಿಗೆ ಕೇಸ್ ಬೇಡ, ತಾಯಿಗೂ ಬೇಡ. ಠಾಣೆಗೆ ಹೋಗಬೇಕಾಗುತ್ತದೆ ಅಂತ ಗೊತ್ತಾದರೆ ಆಸ್ಪತ್ರೆಗೇ ಬರದೆ ಎಲ್ಲಿಗೋ ಹೋಗಿ ಏನೋ ಮಾಡಿಸಿಕೊಳ್ಳುತ್ತಾರೆ. ಜೀವಕ್ಕೇ ಕುತ್ತು. ಇಲ್ಲಿ ಏನು ಮಾಡುವುದು?

ತುಮಕೂರು ವಕೀಲ

ಇದಕ್ಕೆ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಒಂದು ದಾರಿ ಮಾಡಿದೆ. ಹದಿನೆಂಟರ ಒಳಗಿನವರು ಗರ್ಭಪಾತಕ್ಕೆ ಬಂದಾಗ, ಆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ. ಮಾಹಿತಿ ಕೊಡುವ ಕರ್ತವ್ಯ ಹಾಗೇ ಇದೆ, ಗುರುತು ಮಾತ್ರ ಬಿಡಬಹುದು. ಗರ್ಭಪಾತ ಕಾಯ್ದೆಯಲ್ಲೂ, 2021ರ ತಿದ್ದುಪಡಿಯ ಮೇಲೆ, ಹೆಂಗಸಿನ ಗುರುತು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಎಚ್ಚರ ಇರಲಿ. ಆ ತೀರ್ಪು ಹೇಳಿರುವುದು ನೋಂದಾಯಿತ ವೈದ್ಯರ ಬಗ್ಗೆ. ಫೀಲ್ಡ್ ವರ್ಕರ್ ಅದನ್ನು ತನಗೆ ಹಚ್ಚಿಕೊಂಡು ಸುಮ್ಮನೆ ಕೂರಬಾರದು. ನಿಮ್ಮ ಕೆಲಸ ಅವಳನ್ನು ಬೇಗ ಒಳ್ಳೆಯ ವೈದ್ಯರ ಹತ್ತಿರ ಮುಟ್ಟಿಸುವುದು, ಇಂಥ ದಾರಿ ಇದೆ ಅಂತ ತಾಯಿಗೆ ಬಿಡಿಸಿ ಹೇಳುವುದು, ನಿಮ್ಮ ಕರ್ತವ್ಯದ ಬಗ್ಗೆ ಅದೇ ದಿನ ಮೇಲಿನವರ ಜೊತೆ ಮತ್ತು ಒಬ್ಬ ವಕೀಲರ ಜೊತೆ ಮಾತಾಡುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಇನ್ನೊಂದು. ತಿಳಿಸುವ ಕರ್ತವ್ಯ ಪೊಲೀಸರ ಕಡೆಗೆ ಮಾತ್ರ. ಠಾಣೆಗೆ ತಿಳಿಸಬೇಕು ಅಂದ ಮಾತ್ರಕ್ಕೆ ಹೆಡ್‌ಮೇಷ್ಟ್ರಿಗೆ, ಪಂಚಾಯಿತಿ ಮೆಂಬರ್‌ಗೆ, ಗ್ರೂಪಿಗೆ ಹೇಳಲು ಪರವಾನಗಿ ಸಿಕ್ಕಿದ ಹಾಗಲ್ಲ.

ಮಾನಸಿಕ ಆರೋಗ್ಯ, ತುಮಕೂರು

ನಮ್ಮ ವಿಭಾಗದ ಮಾತು ಚಿಕ್ಕದಾಗಿ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಪ್ರಾಣಕ್ಕೆ ಅಪಾಯ ಇದ್ದಾಗ, ಇನ್ನೊಬ್ಬರಿಗೆ ಹಾನಿ ಆಗುವುದಿದ್ದಾಗ ಹೇಳಬಹುದು, ಆ ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟು ಮಾತ್ರ. ನಮ್ಮಲ್ಲಿ ಜೊತೆಗೆ ಬಂದ ಅಣ್ಣ, ಮಾವ ಎಲ್ಲರೂ ಒಳಗೆ ಬಂದು ಕೂರುತ್ತಾರೆ. 'ನಮ್ಮ ಹುಡುಗ, ನಮಗೆ ಹೇಳದೆ ಇನ್ಯಾರಿಗೆ ಹೇಳುತ್ತೀರಿ' ಅಂತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಹುಡುಗನನ್ನು ಒಬ್ಬನೇ ಕೂರಿಸಿ ಕೇಳುತ್ತೇನೆ: ಇವರಲ್ಲಿ ಯಾರಿಗೆ ಏನು ಹೇಳಲಿ? ಸಾಯಬೇಕು ಅನ್ನಿಸುತ್ತದೆ ಅಂದರೆ ಮನೆಯಲ್ಲಿ ನೋಡಿಕೊಳ್ಳುವ ಒಬ್ಬರಿಗೆ ಹೇಳಲೇಬೇಕು. ಕೀಟನಾಶಕದ ಬಾಟಲಿ ಮನೆಯಿಂದ ಆಚೆ ಇಡಿ, ರಾತ್ರಿ ಒಬ್ಬನೇ ಬಿಡಬೇಡಿ ಅಂತ ಹೇಳಬೇಕು. ಯಾಕೆ ಸಾಯಬೇಕು ಅನ್ನಿಸಿತು ಅನ್ನುವ ಕಥೆ ಅವನದು. ಅದನ್ನು ಹೇಳುವುದು ಬೇಡ.

ಶಿರಾ ಕೋ-ಆರ್ಡಿನೇಟರ್

ನಮ್ಮಲ್ಲಿ ಇವತ್ತು ಕೂತು ಮಾತಾಡಿದೆವು. ಗ್ರೂಪಿನಲ್ಲಿ ಇನ್ನು ಮೇಲೆ ಸಂಖ್ಯೆ ಮಾತ್ರ, ಇವತ್ತು ಎಷ್ಟು ಭೇಟಿ, ಎಷ್ಟು ಹೊಸದು ಅಂತ. ಪ್ರತಿ ಕೇಸಿಗೂ ಒಂದು ಕೋಡ್ ನಂಬರ್. ಯಾವ ನಂಬರ್ ಯಾರದು ಅನ್ನುವ ಪುಸ್ತಕ ನನ್ನ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ ಮತ್ತು ಇನ್ನೊಬ್ಬ ಹಿರಿಯ ಕಾರ್ಯಕರ್ತೆ ಹತ್ತಿರ. ಅಪಾಯ ಇರುವ ಮನೆಗೆ ಹೋಗುವ ಮುಂಚೆ ನನಗೆ ಫೋನ್, ಹೊರಟ ಮೇಲೆ ಮತ್ತೆ ಫೋನ್. ಕೆಲಸ ಬಿಡುವವರು ತಮ್ಮ ಫೈಲ್‌ಗಳನ್ನು ಹೊಸಬರಿಗೆ ಒಪ್ಪಿಸುವ ಮುಂಚೆ ಆ ಹೆಂಗಸರನ್ನು ಕೇಳಬೇಕು, ಸಾಧ್ಯವಾದರೆ ಹೊಸಬರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಬೇಕು. ದಾನಿಗಳಿಗೆ ಪತ್ರ ಬರೆಯುತ್ತಿದ್ದೇನೆ. ಏನು ಅಂತಾರೋ ನೋಡೋಣ.

ಹಳೆಯ ಫೋಟೊಗಳು ಎಲ್ಲರ ಫೋನಿನಲ್ಲೂ ಇವೆ. ಗ್ರೂಪ್ ಮುಚ್ಚಿದರೂ ಅವು ಹೋಗುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಅಳಿಸಬೇಕು.

ಪಾವಗಡ ಅಂಗನವಾಡಿ

ನಿಮಗೆ ಬೀರು ಇದೆ ಸರ್. ನಮ್ಮ ಕೇಂದ್ರದಲ್ಲಿ ಇರುವುದು ಒಂದೇ ಕೋಣೆ, ಒಂದು ಟ್ರಂಕ್. ಅದರಲ್ಲಿ ಮೊಟ್ಟೆ, ಹಾಲಿನ ಪುಡಿ, ರಿಜಿಸ್ಟರ್ ಎಲ್ಲ. ಗರ್ಭಿಣಿಯರ ಪಟ್ಟಿ, ಕಡಿಮೆ ತೂಕದ ಮಕ್ಕಳ ಪಟ್ಟಿ ಮೇಜಿನ ಮೇಲೇ ಇರುತ್ತದೆ. ಯಾರು ಬಂದರೂ ತಿರುವಿ ನೋಡುತ್ತಾರೆ. ಮೆಂಬರ್ ಬಂದರೆ ಬೇಡ ಅನ್ನಲು ನನಗೆ ಆಗುತ್ತದಾ?

ಕೋಲಾರದ ಕೌನ್ಸೆಲರ್

ಮೆಂಬರ್‌ಗೆ ಎಷ್ಟು ಮಕ್ಕಳು, ಎಷ್ಟು ಮೊಟ್ಟೆ ಬಂತು, ಎಷ್ಟು ಹಂಚಿದಿರಿ ಅನ್ನುವ ಲೆಕ್ಕ ತೋರಿಸಿ. ಅದನ್ನು ಕೇಳುವ ಹಕ್ಕು ಊರಿಗಿದೆ. ಯಾರ ಹೊಟ್ಟೆಯಲ್ಲಿ ಎಷ್ಟು ತಿಂಗಳು ಅನ್ನುವುದನ್ನು ಯಾರೂ ಬಂದು ತಿರುವಿ ನೋಡುವಂತಿಲ್ಲ. 'ಸೂಪರ್‌ವೈಸರ್ ಮೇಡಂ ಹೇಳಿದ್ದಾರೆ, ಹೆಸರಿನ ಪುಸ್ತಕ ತೋರಿಸುವಂತಿಲ್ಲ' ಅಂತ ಅವರ ಮೇಲೆ ಹಾಕಿ. ಮೊದಲು ಅವರ ಹತ್ತಿರ ಮಾತಾಡಿ ಹಾಗೆ ಹೇಳಲು ಒಪ್ಪಿಸಿಕೊಳ್ಳಿ ಅಕ್ಕ. ಹೆಸರಿನ ಪುಸ್ತಕಗಳನ್ನು ಬೇರೆ ಚೀಲಕ್ಕೆ ಹಾಕಿ ಟ್ರಂಕಿನ ತಳದಲ್ಲಿಡಿ, ಬರೆಯುವಾಗ ಮಾತ್ರ ತೆಗೆಯಿರಿ. ಟ್ರಂಕಿಗೆ ಒಂದು ಸಣ್ಣ ಬೀಗ ಬೇಕು ಅಂತ ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬರೆದೇ ಕೊಡಿ.